ಏಳು ನಿಮಿಷದ ಭಾಷಣಕ್ಕೆ ಒಂಬತ್ತು ನಿಮಿಷದ ಸರಕು

ಭಾಷಣ ಸ್ಪರ್ಧೆಗಳಲ್ಲಿ ನನಗೆ ಹೆಚ್ಚಾಗಿ ಸಿಗುವುದು ಸಮಯ ನೋಡುವ ಕೆಲಸ. ಕೈಯಲ್ಲಿ ಸ್ಟಾಪ್‌ವಾಚ್, ಪಕ್ಕದಲ್ಲಿ ಮೂರು ಬಣ್ಣದ ದೀಪ. ಅಲ್ಲಿ ಕೂತು ಎಷ್ಟೋ ಒಳ್ಳೆಯ ಮಾತುಗಾರರು ಸೋಲುವುದನ್ನು ನೋಡಿದ್ದೇನೆ. ಕೆಂಪು ದೀಪ ಹತ್ತಿದಾಗ ಅವರು ಇನ್ನೂ ಎರಡನೇ ಉದಾಹರಣೆಯಲ್ಲೇ ಇರುತ್ತಾರೆ. ಆಮೇಲೆ ಗಾಬರಿಯಿಂದ ಓಡಿಸುತ್ತಾರೆ. ಕೊನೆಯ ಮಾತು ಏನು ಅಂತ ಸಭೆಗೂ ಗೊತ್ತಾಗುವುದಿಲ್ಲ, ಅವರಿಗೂ ಗೊತ್ತಾಗುವುದಿಲ್ಲ.

ಕೆಲಸಕ್ಕೆ ಸೇರಿ ಕೆಲವೇ ವರ್ಷವಾದವರಿಗೆಂದು ನಡೆಯುವ ಸ್ಪರ್ಧೆಗಳಲ್ಲಿ ಒಂದು ಅನುಕೂಲ ಇರುತ್ತದೆ. ಹೆಸರು ಕೊಟ್ಟವರಿಗೆ ಒಬ್ಬ ಹಿರಿಯರನ್ನು ಮೆಂಟರ್ ಆಗಿ ಜೋಡಿಸುತ್ತಾರೆ. ಕೆಲವು ವಾರ ಜೊತೆಗೆ ತಯಾರಿ, ಕೊನೆಗೆ ವೇದಿಕೆ. ಈ ವಾರಗಳನ್ನು ಹೇಗೆ ಬಳಸಬೇಕು ಅನ್ನುವುದನ್ನು ಕೆಳಗೆ ಬರೆದಿದ್ದೇನೆ.

ಹಂತ 1: ನಿಯಮದ ಹಾಳೆ ಓದಿ

ನಗಬೇಡಿ, ಇದನ್ನು ಓದುವವರು ಕಡಿಮೆ. ಸಭೆಯಲ್ಲಿ ಮಾತಾಡುವುದನ್ನು ಕಲಿಸಲು 1924ರಲ್ಲಿ ರಾಲ್ಫ್ ಸ್ಮೆಡ್ಲಿ ಶುರು ಮಾಡಿದ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆಯ ಸ್ಪರ್ಧೆಯನ್ನೇ ನೋಡಿ. ಸಿದ್ಧಪಡಿಸಿದ ಭಾಷಣಕ್ಕೆ 5ರಿಂದ 7 ನಿಮಿಷ. ಐದಕ್ಕೆ ಹಸಿರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ಆಚೆ ಈಚೆ 30 ಸೆಕೆಂಡು ರಿಯಾಯಿತಿ, ಅದು ದಾಟಿದರೆ ಅನರ್ಹ. ಗಡಿಯಾರ ಶುರುವಾಗುವುದು ನಿಮ್ಮ ಮೊದಲ ಮಾತಿಗೇ ಅಂತ ತಿಳಿಯಬೇಡಿ. ಬಾಯಿ ಬಿಡುವ ಮೊದಲೇ ಸಭೆಗೆ ಏನಾದರೂ ಸನ್ನೆ ಮಾಡಿದರೆ ಅಲ್ಲಿಂದಲೇ ಲೆಕ್ಕ. 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ ಶುರು ಮಾಡಿದ, ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಪ್ರಬಂಧವನ್ನು ಮೂರು ನಿಮಿಷದಲ್ಲಿ ಹೇಳುವ ಸ್ಪರ್ಧೆ ಇನ್ನೂ ಬಿಗಿ. ಒಂದೇ ಸ್ಲೈಡ್, ಅದರಲ್ಲಿ ಏನೂ ಚಲಿಸುವಂತಿಲ್ಲ, ಮೂರು ನಿಮಿಷ ಮೀರಿದರೆ ಹೊರಗೆ. ನಿಮ್ಮ ಸ್ಪರ್ಧೆಯ ನಿಯಮ ಯಾವುದೋ, ಅದನ್ನು ಬರೆದು ಗೋಡೆಗೆ ಅಂಟಿಸಿ.

ಹಂತ 2: ಮೆಂಟರ್ ಜೊತೆ ಮೊದಲ ಭೇಟಿ

ಬರೆದುಕೊಂಡು ಹೋಗಬೇಡಿ. ಮೂರು ವಿಷಯ ಹೇಳಿ, ಅವರು ಯಾವುದಕ್ಕೆ ಮುಂದೆ ಬಾಗಿ ಕೂರುತ್ತಾರೆ ನೋಡಿ. ಅದೇ ನಿಮ್ಮ ವಿಷಯ.

ಹಂತ 3: ಬರೆಯುವುದು

ಬರೆಯಿರಿ, ಉದ್ದ ಆಗಲಿ. ಎಐ ಹತ್ತಿರ ಬರೆಸಿಕೊಂಡು ಬರುವವರು ಈಗ ಜಾಸ್ತಿ. ಆ ಭಾಷಣಗಳಲ್ಲಿ ತಪ್ಪು ಇರುವುದಿಲ್ಲ, ಆದರೆ ಮಾತಾಡುವವರೂ ಅದರೊಳಗೆ ಇರುವುದಿಲ್ಲ. ಹತ್ತು ಜನರ ಭಾಷಣ ಸಾಲಾಗಿ ಕೇಳುವ ತೀರ್ಪುಗಾರರಿಗೆ ಇದು ಮೂರನೇ ವಾಕ್ಯಕ್ಕೇ ಗೊತ್ತಾಗುತ್ತದೆ.

ಹಂತ 4: ಕತ್ತರಿಸುವುದು

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು, ಅಳತೆ. ಮನಸ್ಸಿನಲ್ಲೇ ಓದಿಕೊಂಡು 'ಆರೂವರೆ ನಿಮಿಷ ಬಂತು' ಅನ್ನುತ್ತಾರೆ. ಬಾಯಿಬಿಟ್ಟು ಹೇಳಿದರೆ ಅದೇ ಭಾಷಣ ಒಂಬತ್ತು ನಿಮಿಷ. ಕಣ್ಣು ಓಡಿದಷ್ಟು ನಾಲಿಗೆ ಓಡುವುದಿಲ್ಲ, ಅಲ್ವಾ? ನಿಮಿಷಕ್ಕೆ 130 ಪದ ಅನ್ನುವ ಲೆಕ್ಕ ಎಲ್ಲ ಕಡೆ ಸಿಗುತ್ತದೆ. ಅದು ಇಂಗ್ಲಿಷಿನ ಲೆಕ್ಕ. ಅಲ್ಲಿ ನಾಲ್ಕೈದು ಪದ ಬೇಕಾಗುವ ಕಡೆ ನಾವು 'ಬರಲಾಗುತ್ತಿರಲಿಲ್ಲ' ಅಂತ ಒಂದೇ ಪದದಲ್ಲಿ ಮುಗಿಸುತ್ತೇವೆ. ಆ ಲೆಕ್ಕ ನಂಬಿ ಕನ್ನಡ ಭಾಷಣ ಬರೆದರೆ ಕೆಟ್ಟಿರಿ. ನಿಮ್ಮದೇ ಬರಹವನ್ನು ಎದ್ದು ನಿಂತು, ಸಭೆಗೆ ಕೇಳುವಷ್ಟು ದನಿಯಲ್ಲಿ ಒಂದು ನಿಮಿಷ ಹೇಳಿ. ಎಲ್ಲಿಗೆ ಬಂದಿರೋ ಅಲ್ಲಿ ಗೆರೆ ಎಳೆದು ಪದ ಎಣಿಸಿ. ನಿಮ್ಮ ವೇಗ ಅಷ್ಟು.

ಎರಡನೆಯದು, ಗುರಿ. ಏಳು ನಿಮಿಷದ ಮಿತಿ ಇದ್ದರೆ ತಯಾರಿಯಲ್ಲಿ ಆರೂ ಕಾಲು ನಿಮಿಷಕ್ಕೆ ಮುಗಿಯಬೇಕು. ಈ ವಿಷಯದಲ್ಲಿ ನಾನು ಚೌಕಾಸಿಗೆ ಬರುವುದಿಲ್ಲ. ವೇದಿಕೆಯಲ್ಲಿ ಜನ ನಗುತ್ತಾರೆ, ಚಪ್ಪಾಳೆ ಹೊಡೆಯುತ್ತಾರೆ, ನೀವು ಒಂದು ಸಾಲು ಮರೆತು ತಡಕಾಡುತ್ತೀರಿ. ಅದಕ್ಕೆಲ್ಲ ಜಾಗ ಬೇಕು.

ಮೂರನೆಯದು, ಏನನ್ನು ಕತ್ತರಿಸಬೇಕು? ಹೆಚ್ಚಿನವರು ಅಲ್ಲೊಂದು ಪದ ಇಲ್ಲೊಂದು ಪದ ಕೀಳುತ್ತಾರೆ. ಇಡೀ ಸಂಜೆ ಕೂತು ಕಿತ್ತರೂ ಇಪ್ಪತ್ತು ಸೆಕೆಂಡು ಉಳಿಯುವುದಿಲ್ಲ. ಹೋಗಬೇಕಾದದ್ದು ಇಡೀ ತುಂಡು. 'ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ' ಅಂತ ಶುರುವಾಗುವ ವಂದನೆಯ ಮೆರವಣಿಗೆ ಮೊದಲು ಹೋಗಲಿ, ಒಂದು ನಮಸ್ಕಾರ ಸಾಕು. ಆಮೇಲೆ ಮಹಾತ್ಮರ ಹೇಳಿಕೆಗಳು. ಆಮೇಲೆ ಎರಡನೇ ಉದಾಹರಣೆ, ಅದು ಎಷ್ಟೇ ಚೆನ್ನಾಗಿರಲಿ. ಒಂದೇ ಮಾತಿಗೆ ಎರಡು ಕಥೆ ಬೇಡ.

ನಾನು ಮೆಂಟರ್ ಆಗಿದ್ದ ಒಬ್ಬ ಹುಡುಗಿಯದು ಲೆಕ್ಕಪತ್ರ ವಿಭಾಗದ ಕೆಲಸ. 'ತಪ್ಪುಗಳೇ ನಮ್ಮ ಗುರು' ಅನ್ನುವುದು ವಿಷಯ. ಶುರು ಹೀಗಿತ್ತು: 'ಜೀವನದಲ್ಲಿ ತಪ್ಪು ಮಾಡದ ಮನುಷ್ಯನಿಲ್ಲ. ತಪ್ಪು ಸಹಜ, ತಿದ್ದಿಕೊಳ್ಳುವುದು ಮನುಜ.' ಇದೇ ಧಾಟಿಯಲ್ಲಿ ಎರಡು ನಿಮಿಷ.

'ನೀವು ಮಾಡಿದ ತಪ್ಪು ಯಾವುದು?' ಅಂತ ಕೇಳಿದೆ.

'ಅದು ಬೇಡ ಸರ್, ನಾಚಿಕೆಯಾಗುತ್ತೆ' ಅಂದಳು. ಹಾಗಂದರೆ ಅದೇ ಬೇಕು.

ಮುಂದಿನ ವಾರ ತಂದ ಶುರು ಹೀಗಿತ್ತು: 'ಬಿಲ್ಲಿನಲ್ಲಿ ಒಂದು ಸೊನ್ನೆ ಜಾಸ್ತಿ ಬಿದ್ದಿತ್ತು. ನಾನು ನೋಡುವ ಹೊತ್ತಿಗೆ ಮೇಲ್ ಹೋಗಿಯಾಗಿತ್ತು.' ಎರಡು ನಿಮಿಷದ ಜಾಗದಲ್ಲಿ ಎರಡು ವಾಕ್ಯ. ಭಾಷಣ ಒಂಬತ್ತರಿಂದ ಏಳಕ್ಕೆ ಇಳಿಯಿತು. ಉಳಿದ ಮುಕ್ಕಾಲು ನಿಮಿಷಕ್ಕೆ ಅವಳಿಗೆ ಬಲು ಇಷ್ಟವಾಗಿದ್ದ ಕ್ರಿಕೆಟ್ ಉದಾಹರಣೆ ಬಲಿಯಾಯಿತು. ಎರಡು ದಿನ ನನ್ನ ಮೇಲೆ ಮುನಿಸಿಕೊಂಡಿದ್ದಳು.

ಮೆಂಟರ್ ಇರುವುದು ಇದಕ್ಕೇ. ನಮ್ಮ ತುಂಡಿಗೆ ನಾವೇ ಕತ್ತರಿ ಹಾಕಲಾರೆವು. ಮೆಂಟರ್ 'ಚೆನ್ನಾಗಿದೆ' ಅಂತ ಬೆನ್ನು ತಟ್ಟಿ ಕಳಿಸುವವರಾಗಿದ್ದರೆ ಪ್ರಶ್ನೆಯನ್ನು ಬದಲಿಸಿ. 'ಹೇಗಿತ್ತು?' ಅಂತ ಕೇಳಬೇಡಿ. 'ನಿಮ್ಮ ಗಮನ ಎಲ್ಲಿ ತಪ್ಪಿತು?' ಅಂತ ಕೇಳಿ. ಇದಕ್ಕೆ 'ಚೆನ್ನಾಗಿದೆ' ಅನ್ನುವ ಉತ್ತರ ಹೊಂದುವುದಿಲ್ಲ.

ಹಂತ 5: ಅಭ್ಯಾಸ

ಪೂರ್ತಿ ಬಾಯಿಪಾಠ ಬೇಡ. ಬಾಯಿಪಾಠ ಮಾಡಿದವರು ಒಂದು ಪದ ತಪ್ಪಿದರೆ ಮೊದಲಿಗೇ ಓಡುತ್ತಾರೆ. ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಮಾತ್ರ ಅಕ್ಷರಶಃ ಬರಲಿ. ಮಧ್ಯದ್ದು ಸುಮ್ನೆ ಗೆಳೆಯರಿಗೆ ಹೇಳಿದ ಹಾಗೆ ಹೇಳಿ. ಒಮ್ಮೆ ನಡೆದಾಡುತ್ತಾ, ಒಮ್ಮೆ ಪಾತ್ರೆ ತೊಳೆಯುತ್ತಾ. ಕನ್ನಡಿ ಮುಂದೆ ನಿಲ್ಲಬೇಡಿ, ಮಾತು ಮರೆತು ಕೂದಲು ನೋಡುತ್ತೀರಿ. ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಮೊದಲ ಸಲ ಅದನ್ನು ದನಿ ಪೂರ್ತಿ ಇಳಿಸಿ ನೋಡಿ, ಕೈಕಾಲು ಏನು ಮಾಡುತ್ತಿವೆ ಗೊತ್ತಾಗುತ್ತದೆ. ಎರಡನೇ ಸಲ ಫೋನ್ ಬೋರಲು ಹಾಕಿ ಕೇಳಿ. ಆಗ 'ಆ... ಅಂದರೆ... ಸೋ...' ಎಲ್ಲ ಕಿವಿಗೆ ಬೀಳುತ್ತವೆ. ಇವನ್ನು ಎಣಿಸಿಕೊಡುವ ಆ್ಯಪ್‌ಗಳೂ ಇವೆ. ನಾನು ಪ್ರಯತ್ನಿಸಿದ ಒಂದು, ಕನ್ನಡದ 'ಆದರೆ'ಯನ್ನೂ ತೊದಲು ಅಂತ ಎಣಿಸಿತು. ಅದರ ಬದಲು ಗೆಳೆಯನ ಕೈಗೆ ಕಾಗದ ಪೆನ್ನು ಕೊಡಿ.

ಹಂತ 6: ಸ್ಪರ್ಧೆಯ ದಿನ

ಸಭಾಂಗಣಕ್ಕೆ ಬೇಗ ಹೋಗಿ. ದೀಪ ಎಲ್ಲಿದೆ, ಮೈಕ್ ಕೈಯಲ್ಲಿ ಹಿಡಿಯುವುದೋ ಅಂಗಿಗೆ ಸಿಕ್ಕಿಸುವುದೋ ನೋಡಿಕೊಳ್ಳಿ. ಹಳದಿ ದೀಪ ಬಂದಾಗ ಭಾಷಣದ ಯಾವ ಸಾಲಿನಲ್ಲಿ ಇರಬೇಕು ಅನ್ನುವುದು ಗೊತ್ತಿರಲಿ. ಅಲ್ಲಿಗೆ ಬಂದಿಲ್ಲವಾದರೆ ಬಿಡಬಹುದಾದ ಒಂದು ತುಂಡನ್ನು ಮೊದಲೇ ಗುರುತು ಮಾಡಿಟ್ಟಿರಿ. ವೇಗ ಹೆಚ್ಚಿಸಬೇಡಿ, ಆ ತುಂಡು ಬಿಟ್ಟುಬಿಡಿ.

ಆ ಹುಡುಗಿಯ ಸರದಿ ಬಂದಾಗ ನಾನು ಸಭೆಯಲ್ಲಿ ಕೂತು ಜೇಬಿನ ವಾಚ್ ಒತ್ತಿದೆ. ಸೊನ್ನೆಯ ಸಾಲಿಗೆ ಜನ ಜೋರಾಗಿ ನಕ್ಕರು. ನಾವು ಉಳಿಸಿದ್ದ ಜಾಗದಲ್ಲಿ ಹತ್ತು ಸೆಕೆಂಡು ಅಲ್ಲೇ ಹೋಯಿತು. ಮುಗಿಸಿದಾಗ 6 ನಿಮಿಷ 41 ಸೆಕೆಂಡು. ಬಂದದ್ದು ಎರಡನೇ ಬಹುಮಾನ. ಮೊದಲನೆಯದು ಯಾಕೆ ತಪ್ಪಿತು ಅಂತ ತೀರ್ಪುಗಾರರೊಬ್ಬರನ್ನು ಕೇಳಿದೆ. 'ಕೊನೆಯ ವಾಕ್ಯ ಮುಗಿಯುವ ಮೊದಲೇ ಕಾಲು ಮೆಟ್ಟಿಲ ಕಡೆ ತಿರುಗಿತ್ತಲ್ಲ' ಅಂದರು. ಅದನ್ನು ನಾವು ಒಂದು ದಿನವೂ ಅಭ್ಯಾಸ ಮಾಡಿರಲಿಲ್ಲ. ಈಗ ನನ್ನ ಹತ್ತಿರ ಬರುವವರಿಗೆಲ್ಲ ಹೇಳುತ್ತೇನೆ: ಕೊನೆಯ ಪದ ಹೇಳಿ, ಬಾಯಿ ಮುಚ್ಚಿ, ಮನಸ್ಸಿನಲ್ಲಿ ಮೂರು ಎಣಿಸಿ. ಆಮೇಲೆ ಇಳಿಯಿರಿ.