ಕಡಲಕ್ಕಿಯ ಕಾಲುಂಗುರ ಓದುವುದು ಹೇಗೆ?

ಚಳಿಗಾಲದಲ್ಲಿ ಮುಂಬೈಯ ಗೇಟ್‌ವೇಯಿಂದ ಎಲಿಫೆಂಟಾ ದ್ವೀಪಕ್ಕೆ ಹೊರಟ ಬೋಟಿನ ಹಿಂದೆ ಕಡಲಕ್ಕಿಗಳು (ಗಲ್) ಮುತ್ತಿಕೊಳ್ಳುತ್ತವೆ. ಲಡಾಖ್, ಟಿಬೆಟ್‌ನ ಸರೋವರಗಳಲ್ಲಿ ಮರಿ ಮಾಡುವ ಕಂದುತಲೆ ಕಡಲಕ್ಕಿಗಳೂ ಅದರಲ್ಲಿರುತ್ತವೆ. ಯಾವುದಾದರೂ ಹಕ್ಕಿಯ ಕಾಲಲ್ಲಿ ರಿಂಗ್ (ಗುರುತಿಗೆಂದು ಸಂಶೋಧಕರು ತೊಡಿಸಿದ ಉಂಗುರ) ಕಂಡರೆ ನಮ್ಮ ಹಕ್ಕಿ ನೋಡುವವರು ಒಂದು ಫೋಟೊ ತೆಗೆದು, ರಿಂಗ್ ಮಾತ್ರ ಕಾಣುವಂತೆ ಕತ್ತರಿಸಿ ಗ್ರೂಪಿಗೆ ಹಾಕುತ್ತಾರೆ. ಎಲ್ಲಿ, ಯಾವತ್ತು, ಯಾವ ಕಾಲು? ಒಂದೂ ಇರುವುದಿಲ್ಲ.

ಮೊದಲು ಕೂತ ಹಕ್ಕಿ ಹುಡುಕಿ. ಹಾರುವಾಗ ಕಾಲು ಮಡಚಿಕೊಂಡಿರುತ್ತದೆ, ಸುಮ್ನೆ ಒದ್ದಾಟ. ಕಡಲಿನ ಇಳಿತದ ಹೊತ್ತಿಗೆ ಜುಹು, ವರ್ಸೋವಾ ದಡಕ್ಕೆ ಹೋಗಿ. ಹಕ್ಕಿಗಳಿಗೆ ಗಾಠಿಯಾ (ಕಡಲೆಹಿಟ್ಟಿನ ಕುರುಕಲು) ಎಸೆಯಬೇಡಿ.

ಕಷ್ಟ ಶುರುವಾಗುವುದು ಓದುವಾಗ. ಕಡಲಕ್ಕಿ ಒಂಟಿ ಕಾಲಲ್ಲಿ ನಿಲ್ಲುತ್ತದೆ. ರಿಂಗ್ ಇರುವ ಕಾಲನ್ನೇ ಹೊಟ್ಟೆಯ ಗರಿಯೊಳಗೆ ಎಳೆದುಕೊಂಡಿರುತ್ತದೆ! ಓಡಿಸಬೇಡಿ, ಕಾಯಿರಿ. ಬಣ್ಣದ ರಿಂಗಿನ ಅಕ್ಷರಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ರಿಂಗಿನ ಬಣ್ಣ, ಅಕ್ಷರದ ಬಣ್ಣ ಎರಡನ್ನೂ ಬರೆದುಕೊಳ್ಳಿ. ಎಡಗಾಲು ಅಂದರೆ ಹಕ್ಕಿಯ ಎಡಗಾಲು, ನಿಮ್ಮ ಎಡಕ್ಕೆ ಕಂಡದ್ದಲ್ಲ. ಲೋಹದ ರಿಂಗಿನ ಸಂಖ್ಯೆ ಸುತ್ತಲೂ ಹಬ್ಬಿರುತ್ತದೆ. ಹಕ್ಕಿ ತಿರುಗಿದಂತೆಲ್ಲ ಫೋಟೊ ತೆಗೆಯುತ್ತಿರಿ, ಆಮೇಲೆ ಜೋಡಿಸಿ ಓದಿ. ಹಿಕ್ಕೆ ಮೆತ್ತಿದ ರಿಂಗಿನಲ್ಲಿ 'ಬಿ' ಥೇಟ್ 8ರಂತೆ ಕಾಣುತ್ತದೆ. ಅನುಮಾನವಿದ್ದರೆ ಆ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ಊಹಿಸಿ ತುಂಬಿದರೆ ಇನ್ನೆಲ್ಲೋ ಇರುವ ಹಕ್ಕಿ ಮುಂಬೈಗೆ ಬಂದಂತೆ ದಾಖಲಾಗುತ್ತದೆ, ಅಲ್ವಾ?

ಫುಟ್‌ಪಾತಿನಲ್ಲಿ ಸಿಗುವ, ಮೊಬೈಲಿಗೆ ಸಿಕ್ಕಿಸುವ ಜೂಮ್ ಲೆನ್ಸಿಗೆ ದುಡ್ಡು ಸುರಿಯಬೇಡಿ. ನಾನು ಸುರಿದಿದ್ದೇನೆ, ಅಂಚೆಲ್ಲ ಮಸುಕು. ಮಸುಕಾದ ಫೋಟೊವನ್ನು 'ಸ್ಪಷ್ಟ' ಮಾಡುವ ಆ್ಯಪ್ ಅದಕ್ಕಿಂತ ಕೆಟ್ಟದ್ದು. ಇಲ್ಲದ ಅಕ್ಷರವನ್ನೂ ಬಿಡಿಸಿಬಿಡುತ್ತದೆ.

ಆಮೇಲಿನದು ಸುಲಭ. ಜಾಗ, ದಿನ, ಹೊತ್ತು, ಕತ್ತರಿಸದ ಫೋಟೊ ಸೇರಿಸಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. 1883ರ ಸಂಸ್ಥೆ, 1927ರಿಂದ ಹಕ್ಕಿಗಳಿಗೆ ರಿಂಗ್ ಹಾಕುತ್ತಿದೆ.

ಹೋದ ವಾರ ಕಂಡ ಹಕ್ಕಿಯೇ ಮತ್ತೆ ಕಂಡರೆ? ಮತ್ತೆ ಕಳಿಸಿ. ಮೊದಲ ಸಲ ಕಂಡಾಗ ಅದು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ವರ್ಷ ವರ್ಷವೂ ಕಂಡರೆ ಬದುಕಿದೆ ಅಂತ ಗೊತ್ತಾಗುತ್ತದೆ. ಕಾಣದಿದ್ದರೆ ಸತ್ತಿದೆ ಅಂತಲ್ಲ, ನೋಡುವವರೇ ಇರಲಿಲ್ಲ ಅಂತಲೂ ಇರಬಹುದು. ಎಷ್ಟು ಹಕ್ಕಿ ಉಳಿದವು ಅಂತ ಲೆಕ್ಕ ಹಾಕುವವರು ಬದುಕಿರುವ ಹಕ್ಕಿ ಕಣ್ಣಿಗೆ ಬೀಳುವ ಸಾಧ್ಯತೆ ಎಷ್ಟು ಅನ್ನುವುದನ್ನೂ ಹಿಡಿಯಬೇಕು. ಅದಕ್ಕೆ ಬೇಕಾದದ್ದು ಇಂಥ ಬೇಜಾರಿನ, ಅದದೇ ವರದಿಗಳೇ.

ಸತ್ತ ಹಕ್ಕಿ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ. ಕಡ್ಡಿಯಿಂದ ಕಾಲು ಹೊರಳಿಸಿ, ರಿಂಗಿನ ಸುತ್ತಲೂ ಫೋಟೊ ತೆಗೆದುಕೊಳ್ಳಿ.