ಪಕ್ಕವಾದ್ಯದಿಂದ ವಾದ್ಯವೃಂದದವರೆಗೆ: ನನ್ನ ಅನುಭವ

ಪಿಟೀಲು ಹಿಡಿದ ಮೇಲೆ ನನ್ನ ಹೆಚ್ಚಿನ ಕಾಲ ಪಕ್ಕವಾದ್ಯದಲ್ಲೇ ಕಳೆಯಿತು. ಪಾಠ ಹೇಳೋದು ಅದರ ಜೊತೆಗೇ ಶುರುವಾಯಿತು, ವೃಂದ ನಡೆಸೋದು ಆಮೇಲೆ. ಮೂರಕ್ಕೂ ದಾರಿ ತೋರಿಸಿದ್ದು ಸಾಹಿತ್ಯ, ಅಂದರೆ ಹಾಡಿನ ಮಾತುಗಳು. ಗಾಯಕರ ಪಕ್ಕ ಕೂತವರಿಗೆ ಇದು ಬೇಗ ಗೊತ್ತಾಗುತ್ತದೆ. ಅವರು ಎಲ್ಲಿ ಅಕ್ಷರ ಒತ್ತುತ್ತಾರೋ ಅಲ್ಲಿ ಪಿಟೀಲಿನ ಕಮಾನು ತಿರುಗಬೇಕು, ಎಲ್ಲಿ ಎಳೆಯುತ್ತಾರೋ ಅಲ್ಲಿ ತಿರುಗಲೇಬಾರದು.

ವೃಂದಕ್ಕೆ ‘ಜಗದೋದ್ಧಾರನ’ ಎತ್ತಿಕೊಂಡಾಗ ಮೊದಲು ಯಾರಿಗೂ ಪಿಟೀಲಿನ ಪೆಟ್ಟಿಗೆ ತೆಗೆಯೋಕೆ ಬಿಡಲಿಲ್ಲ. ತಾಳ ಹಾಕಿಕೊಂಡು ಎಲ್ಲರೂ ಹಾಡಿದರು. ಆಮೇಲೆ ಪಿಟೀಲು. ‘ಜಗದೋ’ ಒಂದೇ ಕಮಾನು. ‘ದ್ಧಾ’ ಬಂದ ಕೂಡಲೇ ತಿರುವು, ತೋರುಬೆರಳಿನ ಒತ್ತು ಸ್ವಲ್ಪ ಜಾಸ್ತಿ. ‘ದೋ’ ಮಧ್ಯೆ ಒಬ್ಬರು ತಿರುಗಿಸಿದರೂ ಪದ ಮುರಿದು ಕೇಳುತ್ತದೆ.

ಈ ಹಾಡಿನ ರಾಗ ಕಾಪಿ, ಅದರ ಗಾಂಧಾರ ಸ್ವರ ಇನ್ನೂ ಕಷ್ಟ. ಪುಸ್ತಕದಲ್ಲಿ ಬರೀ ‘ಗ’ ಅಂತಿರುತ್ತದೆ, ಅಲ್ವಾ? ಒಬ್ಬರು ಆ ಸ್ವರವನ್ನು ನಿಧಾನಕ್ಕೆ ತೂಗುತ್ತಾರೆ, ಇನ್ನೊಬ್ಬರು ಬೇಗ ಅಲ್ಲಾಡಿಸುತ್ತಾರೆ. ಒಬ್ಬರೇ ನುಡಿಸುವಾಗ ಎರಡೂ ಚೆಂದ, ಒಟ್ಟಿಗೆ ಬಂದರೆ ಸ್ವರವೇ ಕಲಸಿಹೋಗುತ್ತದೆ. ಅದಕ್ಕೇ ಒಬ್ಬ ಹಿರಿಯ ಶಿಷ್ಯೆಯ ಹಾಡನ್ನೇ ಅಳತೆಯಾಗಿ ಇಟ್ಟುಕೊಂಡು, ಎಲ್ಲರ ಎಡಗೈ ಮೇಲೆ ಕಣ್ಣಿಟ್ಟು, ಕೈಗಳು ಒಟ್ಟಿಗೆ ಸರಿಯುವ ತನಕ ಆ ಒಂದು ಸಾಲನ್ನೇ ತಿದ್ದಿದೆ.

ನಾದ ತುಂಬಿಕೊಳ್ಳಲಿ ಅಂತ ಅರ್ಧ ಜನರನ್ನು ತಗ್ಗಿನ ಮಂದ್ರಸ್ಥಾಯಿಯಲ್ಲಿ, ಉಳಿದವರನ್ನು ಮಧ್ಯಸ್ಥಾಯಿಯಲ್ಲಿ ಕೂರಿಸುತ್ತೇನೆ. ಪಿಟೀಲು ಚೌಡಯ್ಯನವರನ್ನು ಇಲ್ಲಿ ನೆನೆಯಲೇಬೇಕು. ಮೈಕ್ ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ ಅವರು ತಂತಿಗಳಿಗೆ ಜೋಡಿ ಕಟ್ಟಿ ನಾಲ್ಕನ್ನು ಏಳು ಮಾಡಿದರು. 1952ರಲ್ಲಿ ಆಕಾಶವಾಣಿಯ ರಾಷ್ಟ್ರೀಯ ವಾದ್ಯವೃಂದ ಶುರುವಾದಾಗ ಸಿತಾರ್ ವಾದಕ ರವಿಶಂಕರ್ ಜೊತೆ ಅದನ್ನು ನಡೆಸಿದ ಟಿ.ಕೆ. ಜಯರಾಮ ಅಯ್ಯರ್ ಕೂಡ ಪಿಟೀಲಿನವರೇ. ನನಗೆ ಇದು ಸಹಜ ಅನ್ನಿಸುತ್ತದೆ. ಇನ್ನೊಬ್ಬರ ಉಸಿರಿಗೆ ಕಿವಿಗೊಟ್ಟು ನುಡಿಸಿದವರಿಗೆ ಹತ್ತು ಜನರನ್ನು ಒಟ್ಟಿಗೆ ಕೇಳೋ ಅಭ್ಯಾಸ ಇರುತ್ತದೆ.

ಕಛೇರಿ ದಿನ ನಾನು ಎದುರಿಗೆ ನಿಂತು ಕೈ ಬೀಸೋದಿಲ್ಲ. ಜೊತೆಯಲ್ಲೇ ಕೂತು ನುಡಿಸುತ್ತೇನೆ. ಮೃದಂಗದವರ ಕಡೆ ಒಂದು ನೋಟ, ಕಮಾನಿನ ತುದಿ ಸ್ವಲ್ಪ ಎತ್ತಿದರೆ ಸಾಕು, ಎಡುಪು, ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ, ಸಿಗುತ್ತದೆ. ಆದರೆ ರಾಗಾಲಾಪನೆಯನ್ನು ಮಾತ್ರ ವೃಂದಕ್ಕೆ ಕೊಡುವುದಿಲ್ಲ, ಅದು ಒಬ್ಬೊಬ್ಬರ ಮನೋಧರ್ಮ, ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸೋದು. ಯಾರ ಸರದಿ ಅನ್ನೋದನ್ನು ಮುಂಚೆಯೇ ಹೇಳಿಬಿಡುತ್ತೇನೆ, ತಯಾರಾಗಿ ಬರಲಿ ಅಂತ.