ಪಾರ್ಕಿಗೆ ಆ ಹೆಸರು ಎಲ್ಲಿಂದ ಬಂತು? ಹುಡುಕುವ ಬಗೆ

ನಿಮ್ಮ ಬಡಾವಣೆಯ ಪಾರ್ಕಿನದೋ ಮೈದಾನದ್ದೋ ಹೆಸರಿನ ಮೂಲ ಹುಡುಕಲು ಹೊರಟಿದ್ದೀರಾ? ಮೊದಲು ಒಂದು ಹಾಳೆಯಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳಿ: ಜಾಗ ಮೊದಲು ಏನಾಗಿತ್ತು, ಪಾರ್ಕು ಯಾವಾಗ ಆಯಿತು, ಈಗಿನ ಹೆಸರು ಯಾವಾಗ ಬಂತು. ಮೂರಕ್ಕೂ ಒಂದೇ ಇಸವಿ ಹಚ್ಚಿಬಿಡುವುದೇ ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು.

ಬೆಂಗಳೂರಿನ ಕಬ್ಬನ್ ಪಾರ್ಕನ್ನೇ ತೆಗೆದುಕೊಳ್ಳಿ. ಮೈಸೂರಿನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಹುದ್ದೆ ಬಿಟ್ಟು ಊರಿಗೆ ಹೊರಟವರು ದಾರಿಯಲ್ಲೇ, ಸೂಯೆಜ್‌ನಲ್ಲಿ ತೀರಿಕೊಂಡರು. ಪಾರ್ಕು ಆದದ್ದು 1870ರಲ್ಲಿ, ಎಂಜಿನಿಯರ್ ರಿಚರ್ಡ್ ಸ್ಯಾಂಕಿಯ ಕೈಯಲ್ಲಿ. ತನ್ನ ಹೆಸರಿನ ತೋಟವನ್ನು ಕಬ್ಬನ್ ನೋಡಲೇ ಇಲ್ಲ. ಮೊದಲಿಗೆ ಅದರ ಹೆಸರು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್ ಪಾರ್ಕ್. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದಾಯಿತು. ಜನರ ಬಾಯಲ್ಲಿ ಮಾತ್ರ ಇಂದಿಗೂ ಕಬ್ಬನ್ ಪಾರ್ಕೇ. ಹೀಗಾಗಿ ದಾಖಲೆ ಹುಡುಕುವಾಗ ಮೂರೂ ಹೆಸರಿನಲ್ಲಿ ಹುಡುಕಬೇಕು. ಒಂದೇ ಹೆಸರು ಹಿಡಿದು ಕೂತರೆ ಮುಕ್ಕಾಲು ಪಾಲು ಕಾಗದ ಕಣ್ಣಿಗೇ ಬೀಳುವುದಿಲ್ಲ.

ಮುಂದಿನದು ಕಲ್ಲು: ಶಾಸನ, ಫಲಕ, ಪ್ರತಿಮೆಯ ಪೀಠ. ಬೆಳಿಗ್ಗೆ ಏಳು ಗಂಟೆಯ ಓರೆ ಬಿಸಿಲಿನಲ್ಲಿ ಹೋಗಿ. ನಡುಮಧ್ಯಾಹ್ನ ಅಕ್ಷರಗಳಿಗೆ ನೆರಳೇ ಇರುವುದಿಲ್ಲ, ಸವೆದ ಸಾಲು ಮಾಯವಾಗುತ್ತದೆ. ಕಲ್ಲು ಮರದ ನೆರಳಲ್ಲಿದ್ದರೆ ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಮೈಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಕಾಣದೇ ಹೋದ ಒತ್ತಕ್ಷರವೂ ಎದ್ದು ಬರುತ್ತದೆ. ಪೀಠದ ನಾಲ್ಕೂ ಮುಖದ ಫೋಟೊ ಬೇಕು. ಶಿಲ್ಪಿಯ ಹೆಸರೋ ಚಂದಾ ಕೊಟ್ಟವರ ಹೆಸರೋ ಹಿಂದುಗಡೆ ಇರುವುದುಂಟು. ಅಕ್ಷರ ಕಾಣಲೆಂದು ಸೀಮೆಸುಣ್ಣ, ಎಣ್ಣೆ, ಅರಿಶಿನ ಬಳಿಯಬೇಡಿ, ದಯವಿಟ್ಟು. ಕಲ್ಲಿನ ಸಣ್ಣ ರಂಧ್ರಕ್ಕೆ ಇಳಿದ ಎಣ್ಣೆ ಮತ್ತೆ ಹೋಗುವುದಿಲ್ಲ.

ಫಲಕದ ಇಸವಿ ಯಾವುದರದ್ದು ಎಂದು ಓದಿ: ಶಂಕುಸ್ಥಾಪನೆಯೋ, ಅನಾವರಣವೋ, ಜೀರ್ಣೋದ್ಧಾರವೋ. ರಾಣಿ ವಿಕ್ಟೋರಿಯಾ ತೀರಿಕೊಂಡದ್ದು 1901ರಲ್ಲಿ, ಕಬ್ಬನ್ ಪಾರ್ಕಿನ ಅವಳ ಪ್ರತಿಮೆ ಅನಾವರಣವಾದದ್ದು 1906ರಲ್ಲಿ. ಪ್ರತಿಮೆಗಳು ಜಾಗ ಬದಲಿಸುವುದೂ ಉಂಟು: ಅಠಾರ ಕಚೇರಿಯ (ಈಗಿನ ಹೈಕೋರ್ಟಿನ) ಆವರಣದಲ್ಲಿದ್ದ ಕಬ್ಬನ್ ಪ್ರತಿಮೆ 2020ರಲ್ಲಿ ಪಾರ್ಕಿನೊಳಕ್ಕೆ ಬಂತು. ಈಗ ನಿಂತಿರುವ ಜಾಗವೇ ಮೂಲಸ್ಥಾನ ಎಂದು ಬರೆಯುವ ಮೊದಲು ಹಳೆಯ ಫೋಟೊ ನೋಡಿ.

ಹಳೆಯ ಶಾಸನದಲ್ಲಿ ಶಕವರ್ಷವಿದ್ದರೆ 78 ಕೂಡಿಸಿ. ಜನವರಿಯಿಂದ ಯುಗಾದಿಯವರೆಗಿನ ತಿಥಿಯಾದರೆ 79. ಸಂವತ್ಸರದ ಹೆಸರಿನಿಂದ ತಾಳೆ ನೋಡಬಹುದು. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶಕ 1947ಕ್ಕೆ ಶೇಷ 39, ಅಂದರೆ ವಿಶ್ವಾವಸು. ಒಂದು ವರ್ಷ ಹೆಚ್ಚುಕಡಿಮೆ ಬಂದರೆ ಗಾಬರಿ ಬೇಡ: ಕಳೆದ ವರ್ಷವನ್ನು ಎಣಿಸುವ ರೂಢಿಯೂ ಇತ್ತು, ನಡೆಯುತ್ತಿರುವ ವರ್ಷವನ್ನು ಎಣಿಸುವ ರೂಢಿಯೂ ಇತ್ತು.

ಜಾಗದ ಹಿಂದಿನ ಬದುಕು ಗ್ರಾಮನಕ್ಷೆಯಲ್ಲಿದೆ. ಸರ್ವೆ ನಂಬರ್ ಹಿಡಿದು ಹಳೆಯ ಪಹಣಿ, ಆಕಾರಬಂದ್ (ಜಮೀನಿನ ವಿಸ್ತೀರ್ಣ, ಕಂದಾಯ ಬರೆದಿಟ್ಟ ಸರ್ವೆ ದಾಖಲೆ) ತೆಗೆಸಿ. ಕೆರೆ ಅಂಗಳ, ಗುಂಡುತೋಪು, ಗೋಮಾಳ, ಸ್ಮಶಾನ ಎಂಬ ಒಂದೇ ಪದ ಇಡೀ ಕಥೆ ಹೇಳುತ್ತದೆ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ, ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯಲ್ಲಿ. ನೆರೆಹೊರೆಯ ಹಿರಿಯರನ್ನು ಕೇಳುವಾಗಲೂ “ಇದು ಯಾರ ಹೆಸರು?” ಎನ್ನುವುದಕ್ಕಿಂತ “ಮೊದಲು ಇಲ್ಲೇನಿತ್ತು?” ಎಂದು ಕೇಳಿ. ಮೊದಲನೆಯದಕ್ಕೆ ಊಹೆ ಬರುತ್ತದೆ, ಎರಡನೆಯದಕ್ಕೆ ನೆನಪು.

ಇನಿಷಿಯಲ್ ಕಳಚಿಹೋದ ಹೆಸರುಗಳ ಬಗ್ಗೆ ಹುಷಾರಾಗಿರಿ. ಬಸವನಗುಡಿಯ ಕೃಷ್ಣರಾವ್ ಪಾರ್ಕು 1941ರಲ್ಲಿ ಹಂಗಾಮಿ ದಿವಾನರಾಗಿದ್ದ ಎಂ.ಎನ್. ಕೃಷ್ಣರಾವ್ ಅವರದು. ಆ ಎರಡು ಅಕ್ಷರ ಬಿಟ್ಟರೆ ಮೈಸೂರಿನ ಇತಿಹಾಸದಲ್ಲಿ ಎಷ್ಟು ಕೃಷ್ಣರಾಯರು ಬೇಕಾದರೂ ಸಿಗುತ್ತಾರೆ.

ಕಾಗದಪತ್ರಕ್ಕೆ ರಾಜ್ಯ ಪತ್ರಾಗಾರ, ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಇವೆ. ಗೆಜೆಟ್ ಬೇರೆ, ಗೆಜೆಟಿಯರ್ ಬೇರೆ: ಆದೇಶ ಸಿಗುವುದು ಗೆಜೆಟ್‌ನಲ್ಲಿ, ಊರಿನ ವರ್ಣನೆ ಗೆಜೆಟಿಯರ್‌ನಲ್ಲಿ.

ಸ್ವಾತಂತ್ರ್ಯಾನಂತರದ ಹೆಸರಾದರೆ ಪಾಲಿಕೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. “ಈ ಹೆಸರು ಏಕೆ ಇಟ್ಟಿರಿ?” ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಏಕೆಂದರೆ ಕಡತದಲ್ಲಿ ಇರುವುದನ್ನಷ್ಟೇ ಅವರು ಕೊಡಬೇಕು. “ಉದ್ಯಾನದ ನಾಮಕರಣಕ್ಕೆ ಸಂಬಂಧಿಸಿದ ಕೌನ್ಸಿಲ್ ನಿರ್ಣಯ ಹಾಗೂ ನಡಾವಳಿಯ ದೃಢೀಕೃತ ಪ್ರತಿ” ಎಂದು ಬರೆಯಿರಿ. 30 ದಿನದಲ್ಲಿ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.